ಬಾಟಲಿಗಿಂತ ಮೊದಲು ಕೀಲಿಕೈ: ಒಬ್ಬ ಬಸ್ ನಿರ್ವಾಹಕಿಯ ನೀರಿನ ಪ್ರಕರಣ

ಈ ಪ್ರಕರಣವನ್ನು ಬರೆದಿಡಲು ಮುಖ್ಯ ಕಾರಣ ನನ್ನದೇ ಒಂದು ತಪ್ಪು. ಆಹಾರ ಸಲಹೆಗಾರ್ತಿಯಾಗಿ ಹದಿನಾಲ್ಕು ವರ್ಷಗಳಿಂದ ನಾನು ಮೂತ್ರಪಿಂಡದ ಕಲ್ಲಿನವರಿಗೆ ಒಂದು ಹಾಳೆ ಕೊಡುತ್ತ ಬಂದಿದ್ದೆ. ಬೆಳಿಗ್ಗೆ ಎದ್ದೊಡನೆ ಎರಡು ಲೋಟ, ತಿಂಡಿಗೆ ಮೊದಲು ಒಂದು, ಹತ್ತು ಗಂಟೆಗೆ ಒಂದು, ಹೀಗೆ ರಾತ್ರಿಯವರೆಗೆ. ಕೆಳಗೆ ದಪ್ಪಕ್ಷರದಲ್ಲಿ ‘ದಿನಕ್ಕೆ ಮೂರು ಲೀಟರ್’. ಆ ಹಾಳೆಯನ್ನು ಎಷ್ಟು ಜನ ಪಾಲಿಸಿದರು ಎಂದು ನಾನು ಎಣಿಸಿದವಳಲ್ಲ. ಮತ್ತೆ ಬಾರದವರೆಲ್ಲ ಗುಣವಾದರು ಎಂದುಕೊಳ್ಳುವುದು ನಮ್ಮ ವೃತ್ತಿಯ ಹಳೆಯ ಸೋಮಾರಿತನ.

ಪ್ರಕರಣದ ಮಹಿಳೆಯನ್ನು ಇಲ್ಲಿ ಸುವರ್ಣಾ ಎಂದು ಕರೆಯುತ್ತೇನೆ. ಹೆಸರು, ವಯಸ್ಸು, ಮಾರ್ಗ, ಊರು ಎಲ್ಲವನ್ನೂ ಬದಲಿಸಿದ್ದೇನೆ. ಅಳತೆಗಳು ಮಾತ್ರ ನನ್ನ ಕಡತದಲ್ಲಿ ಇದ್ದ ಹಾಗೆಯೇ ಇವೆ. ನಾನು ಬರೆದದ್ದನ್ನು ಅವರು ಓದಿ, ಒಂದು ಸಾಲು ಹೊಡೆದು ಹಾಕಿ, ಒಪ್ಪಿಗೆ ಕೊಟ್ಟಿದ್ದಾರೆ.

ಹಿನ್ನೆಲೆ

ಸುವರ್ಣಾ ಅವರಿಗೆ 36 ವರ್ಷ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಬಸ್ ಘಟಕದಲ್ಲಿ ಒಂಬತ್ತು ವರ್ಷಗಳಿಂದ ನಿರ್ವಾಹಕಿ. ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ. ಪತಿ ಬೇರೆ ಜಿಲ್ಲೆಯಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾರೆ. ಕಾಲೇಜಿನಲ್ಲಿದ್ದಾಗ ಖೋ ಖೋ ಆಡುತ್ತಿದ್ದರು. ನೌಕರಿಗೆ ಸೇರಿದ ಮೇಲೆ 14 ಕಿಲೋ ತೂಕ ಹೆಚ್ಚಿತ್ತು. ಮೊದಲ ಭೇಟಿಯಲ್ಲಿ ಅವರು ಹೇಳಿದ್ದು ಕಲ್ಲಿನ ಮಾತಲ್ಲ, ‘ನಾನು ಮೊದಲು ಹೀಗಿರಲಿಲ್ಲ’ ಎಂಬ ಮಾತು.

ಬೆಳಗಿನ ಪಾಳಿ ಇದ್ದರೆ ನಾಲ್ಕು ಗಂಟೆಗೆ ಏಳಬೇಕು. 5.40ಕ್ಕೆ ಮೊದಲ ಬಸ್ಸು, ಮಧ್ಯಾಹ್ನ ಎರಡೂವರೆಗೆ ವೇಬಿಲ್ ಎಂಬ ಟಿಕೆಟ್ ಲೆಕ್ಕದ ಹಾಳೆ ಮತ್ತು ಹಣ ಒಪ್ಪಿಸಿದರೆ ಬಿಡುಗಡೆ. ನಡುವೆ ನಾಲ್ಕು ಟ್ರಿಪ್. ಊಟವೆಂದರೆ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ. ಡಬ್ಬಿ ತೆರೆಯಲು ಪುರುಸೊತ್ತಾಗದ ದಿನ ನಿಲ್ದಾಣದ ಮಿರ್ಚಿ, ಮಂಡಕ್ಕಿ. ಆರು ಕಪ್ ಚಹಾ. ನೀರು? ಬೆರಳು ಮಡಚಿ ಎಣಿಸಿದರು: ಮಾತ್ರೆ ನುಂಗಲು ಒಂದಿಷ್ಟು, ಊಟದ ನಂತರ ಅರ್ಧ ಬಾಟಲಿ. ಪಾಳಿಯ ಒಂಬತ್ತು ಗಂಟೆಯಲ್ಲಿ ಅರ್ಧ ಲೀಟರ್ ದಾಟುತ್ತಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ, ಬಿಸಿಲು ಅಂಥದ್ದು. ಬಸ್ಸಿಗೆ ಆ ರಿಯಾಯಿತಿ ಇಲ್ಲ.

ಕಳೆದ ವರ್ಷ ಮಾರ್ಚ್ ಕೊನೆಯಲ್ಲಿ ಟಿಕೆಟ್ ಕೊಡುತ್ತಿದ್ದಾಗಲೇ ಬಲ ಪಕ್ಕೆಯಲ್ಲಿ ನೋವು ಎದ್ದಿತು. ಚಾಲಕರು ಬಸ್ಸನ್ನು ನೇರವಾಗಿ ತಾಲ್ಲೂಕು ಆಸ್ಪತ್ರೆಯ ಮುಂದೆ ನಿಲ್ಲಿಸಿದರು. ಸ್ಕ್ಯಾನಿಂಗ್‌ನಲ್ಲಿ ಮೂತ್ರನಾಳದಲ್ಲಿ 5 ಮಿಲಿಮೀಟರ್‌ನ ಕಲ್ಲು, ಎಡ ಮೂತ್ರಪಿಂಡದಲ್ಲಿ 4 ಮಿಲಿಮೀಟರ್‌ನ ಇನ್ನೊಂದು. ನಾಳದ ಕಲ್ಲು ಆರನೆಯ ದಿನ ತಾನೇ ಹೊರಬಿತ್ತು. ಚಹಾ ಸೋಸುವ ಜರಡಿಯಲ್ಲಿ ಹಿಡಿದು ತನ್ನಿ, ಯಾವ ಬಗೆಯ ಕಲ್ಲೆಂದು ನೋಡೋಣ ಎಂದು ವೈದ್ಯರು ಹೇಳಿದ್ದರು. ಅದು ಬಸ್ ನಿಲ್ದಾಣದ ಶೌಚಾಲಯದಲ್ಲಿ ಬಿದ್ದುಹೋಯಿತು. ಹಿಂದಿನ ವರ್ಷ ಮೂರು ಸಲ ಉರಿಮೂತ್ರಕ್ಕೆ ಔಷಧ ತೆಗೆದುಕೊಂಡ ಚೀಟಿಗಳೂ ಕಡತದಲ್ಲಿದ್ದವು.

ಒಂಬತ್ತು ದಿನದ ಶಪಥ

ನೋವು ಇಳಿದ ವಾರವೇ ಸುವರ್ಣಾ ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೊರಟರು. ಸಕ್ಕರೆ ಬಂದ್. ಮೂರೂವರೆಗೆ ಎದ್ದು ನಡಿಗೆ. ನಾಲ್ಕು ಲೀಟರ್ ನೀರು, ಅದಕ್ಕೆ ಮಗ ಮೊಬೈಲಿನಲ್ಲಿ ಗಂಟೆಗೊಮ್ಮೆ ಟಿಣ್ ಎನ್ನುವ ಒಂದು ಆ್ಯಪ್ ಹಾಕಿಕೊಟ್ಟ. ಪಾಳಿಯಲ್ಲಿ ಕುಡಿಯಲಾಗದ್ದನ್ನು ಸರಿದೂಗಿಸಲು ಎದ್ದೊಡನೆ ಒಂದು ಲೀಟರ್ ಗಟಗಟ ಕುಡಿಯುತ್ತಿದ್ದರು.

ಒಂಬತ್ತನೆಯ ದಿನ ಸಂತೆಯ ದಿನ, ಬಸ್ಸು ತುಂಬಿತ್ತು. ಹೊರಟು ನಲವತ್ತು ನಿಮಿಷಕ್ಕೆ ತಡೆಯಲಾಗಲಿಲ್ಲ. ಏಪ್ರಿಲ್ ತಿಂಗಳ ಎರೆಹೊಲ, ಕಟಾವು ಮುಗಿದು ಬಯಲಾಗಿತ್ತು. ಮರೆಗೆ ಒಂದು ಜಾಲಿ ಗಿಡವೂ ಇಲ್ಲ. ತೋಟದ ಮನೆಯೊಂದರ ಎದುರು ಬಸ್ಸು ನಿಲ್ಲಿಸಿ ಅವರ ಶೌಚಾಲಯ ಕೇಳಬೇಕಾಯಿತು. ಹತ್ತುವಾಗ ಹಿಂದಿನ ಸೀಟಿನಿಂದ ಯಾರೋ ‘ಕಂಡಕ್ಟರಮ್ಮನೇ ಹೀಗಾದರೆ ನಮ್ಮ ಗತಿಯೇನು’ ಎಂದರು, ನಾಲ್ಕು ಜನ ನಕ್ಕರು. ಅಷ್ಟೇ ನಡೆದದ್ದು. ಆದರೆ ಆ ರಾತ್ರಿ ಆ್ಯಪ್ ಅಳಿಸಿಹೋಯಿತು. ಮರುದಿನ ನಡಿಗೆಗೆ ಏಳಲಿಲ್ಲ, ಚಹಾಕ್ಕೆ ಸಕ್ಕರೆ ಮರಳಿತು.

ಒಮ್ಮೆಲೇ ಹೊಟ್ಟೆಗೆ ಸುರಿದ ನೀರು ದೇಹದಲ್ಲಿ ಸಂಗ್ರಹವಾಗಿ ದಿನವಿಡೀ ಒದಗುವುದಿಲ್ಲ. ರಕ್ತ ತುಸು ತೆಳುವಾಗುತ್ತಲೇ ಮೂತ್ರವನ್ನು ತಡೆಹಿಡಿಯುವ ಹಾರ್ಮೋನು ತಗ್ಗುತ್ತದೆ, ಹೆಚ್ಚಿನ ಪಾಲು ಒಂದೆರಡು ಗಂಟೆಯೊಳಗೆ ಹೊರದಾರಿ ಹುಡುಕುತ್ತದೆ. ನಸುಕಿನಲ್ಲಿ ಕುಡಿದ ಲೀಟರ್ ಮಧ್ಯಾಹ್ನದ ಬಿಸಿಲಿಗೆ ಉಳಿಯುವುದೇ ಇಲ್ಲ, ಬಸ್ಸಿನಲ್ಲಿ ಕಾಡಲು ಮಾತ್ರ ಉಳಿಯುತ್ತದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮೂರು ಅಭ್ಯಾಸಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದ್ದರಿಂದ ಒಂದು ಬಿದ್ದಾಗ ಉಳಿದೆರಡನ್ನೂ ಎಳೆದುಕೊಂಡು ಬಿತ್ತು.

ನನ್ನ ಹಾಳೆ

ಮೇ ತಿಂಗಳಲ್ಲಿ ನನ್ನ ಬಳಿ ಬಂದಾಗ ನಾನು ಈ ಕಥೆಯನ್ನೆಲ್ಲ ಕೇಳಿಸಿಕೊಂಡೆ, ತಲೆಯಾಡಿಸಿದೆ, ಮತ್ತೆ ಅದೇ ಹಾಳೆ ಕೊಟ್ಟೆ. ಆಧಾರವಿಲ್ಲದೆ ಕೊಟ್ಟದ್ದೇನೂ ಅಲ್ಲ. ಕಲ್ಲು ಒಮ್ಮೆ ಬಂದವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರವಾಗುವಷ್ಟು ದ್ರವ ಬೇಕೆಂಬುದು ಗಟ್ಟಿ ಸಲಹೆ. 1996ರಲ್ಲಿ ಪ್ರಕಟವಾದ ಇಟಲಿಯ ಐದು ವರ್ಷದ ಅಧ್ಯಯನದಲ್ಲಿ, ನೀರು ಹೆಚ್ಚಿಸಿದ ಗುಂಪಿನಲ್ಲಿ ಶೇಕಡಾ 12ರಷ್ಟು ಜನರಿಗೆ ಕಲ್ಲು ಮರುಕಳಿಸಿದರೆ ಹೆಚ್ಚಿಸದವರಲ್ಲಿ ಅದು ಶೇಕಡಾ 27 ಆಗಿತ್ತು. ಪದೇಪದೇ ಉರಿಮೂತ್ರವಾಗುವ, ನೀರು ಕಡಿಮೆ ಕುಡಿಯುವ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದಾಗ ಸೋಂಕು ಸುಮಾರು ಅರ್ಧಕ್ಕಿಳಿದದ್ದು 2018ರ ಇನ್ನೊಂದು ಅಧ್ಯಯನದಲ್ಲಿದೆ.

ಎಲ್ಲರಿಗೂ ಎಂಟು ಲೋಟ ಎಂಬ ಮಾತಿನ ಬುಡ ಮಾತ್ರ ಅಷ್ಟು ಭದ್ರವಲ್ಲ. ಅದರ ಮೂಲವೆಂದು ಸಾಮಾನ್ಯವಾಗಿ ತೋರಿಸುವುದು 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ಕೊಟ್ಟ ಎರಡೂವರೆ ಲೀಟರ್ ಲೆಕ್ಕವನ್ನು. ಅದರ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂಬ ಮುಂದಿನ ವಾಕ್ಯವನ್ನು ಜನ ಓದಲೇ ಇಲ್ಲ. ನಮ್ಮ ಅಂಬಲಿ, ಸಾರು, ಮಜ್ಜಿಗೆ, ಸೌತೆಕಾಯಿ, ಬೈದುಕೊಂಡು ಕುಡಿಯುವ ಆ ಚಹಾ ಕೂಡ ಲೆಕ್ಕಕ್ಕೆ ಸೇರುತ್ತವೆ. ಸುವರ್ಣಾ ಅವರ ಆರು ಕಪ್ ಚಹಾದಲ್ಲಿ ನನಗೆ ತಕರಾರು ಇದ್ದದ್ದು ಸಕ್ಕರೆಯ ಬಗ್ಗೆ.

ಮೂರು ವಾರದ ನಂತರ ಅವರು ಹಾಳೆಯನ್ನು ವೇಬಿಲ್ ಜೊತೆಗೆ ನೀಟಾಗಿ ಮಡಚಿಟ್ಟುಕೊಂಡು ತಂದರು. ಒಂದು ಗುರುತೂ ಬಿದ್ದಿರಲಿಲ್ಲ.

‘ಮೇಡಂ, ನೀರು ಒಳಗೆ ಹೋಗುವ ಹೊತ್ತು ಬರೆದಿದ್ದೀರಿ. ಹೊರಗೆ ಹೋಗುವ ಜಾಗ ಬರೆದಿಲ್ಲ’ ಎಂದರು.

ಪ್ರಕರಣ ತಿರುಗಿದ್ದು ಅಲ್ಲಿ. ಅವರು ನೀರು ಕುಡಿಯಲು ಮರೆಯುತ್ತಾರೆ, ಆದ್ದರಿಂದ ನೆನಪಿಸಬೇಕು ಎಂದು ಆ್ಯಪ್ ಕೂಡ ತಿಳಿದಿತ್ತು, ನಾನೂ ತಿಳಿದಿದ್ದೆ. ಅವರು ಏನನ್ನೂ ಮರೆತಿರಲಿಲ್ಲ. ಬಾಯಾರಿಕೆಯನ್ನು ತಡೆಯುವುದನ್ನು ಒಂಬತ್ತು ವರ್ಷ ಅಭ್ಯಾಸ ಮಾಡಿ ಕಲಿತಿದ್ದರು.

ಹಾಳೆಯ ಹಿಂಬದಿ

ನಾನು ಅದೇ ಹಾಳೆಯನ್ನು ತಿರುಗಿಸಿಟ್ಟೆ. ಹಿಂಬದಿಯಲ್ಲಿ ಅವರು ತಮ್ಮ ಮಾರ್ಗ ಬರೆದರು, ಪ್ರತಿ ನಿಲುಗಡೆಯ ಮುಂದೆ ಶೌಚಾಲಯದ ಸ್ಥಿತಿ. ಘಟಕ: ಇದೆ, ನೀರಿದೆ, ಒಳಚಿಲಕವಿದೆ. ತಾಲ್ಲೂಕು ನಿಲ್ದಾಣ: ಹಣ ಕೊಟ್ಟು ಹೋಗುವ ಶೌಚಾಲಯವಿದೆ, ಮಹಿಳೆಯರ ಬದಿಯಲ್ಲಿ ಚಿಲಕ ಮುರಿದಿದೆ, ಬಸ್ಸು ನಿಲ್ಲುವ ಹತ್ತು ನಿಮಿಷದಲ್ಲಿ ಸರದಿ ಮುಗಿಯುವುದಿಲ್ಲ. ಹೋಬಳಿಯ ಊರು: ಏನೂ ಇಲ್ಲ. ಕೊನೆಯ ಹಳ್ಳಿ: ಏನೂ ಇಲ್ಲ, ಎಂದು ಬರೆದವರು ಪೆನ್ನು ಎತ್ತಿ ಸ್ವಲ್ಪ ಯೋಚಿಸಿ, ‘ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಎರಡು ನಿಮಿಷದ ದಾರಿ, ಕೇಳಿ ನೋಡಿಲ್ಲ’ ಎಂದು ಸೇರಿಸಿದರು.

ಕೇಳಿದರು. ಅಲ್ಲಿಯ ನರ್ಸ್ ಅವರದೇ ಬಸ್ಸಿನಲ್ಲಿ ದಿನಾ ಬರುವವರು, ಅಡ್ಡಿ ಹೇಳಲಿಲ್ಲ. ಒಂದು ಜಾಗ ಸಿಕ್ಕಿತು.

ಕಷ್ಟವಾದದ್ದು ತಾಲ್ಲೂಕು ನಿಲ್ದಾಣ. ಸಂಚಾರ ನಿಯಂತ್ರಕರ ಕೋಣೆಯ ಹಿಂದೆ ಸಿಬ್ಬಂದಿಯ ಶೌಚಾಲಯವೊಂದಿತ್ತು, ಸದಾ ಬೀಗ. ಕೇಳಿದರೆ ‘ಅದು ಕೆಟ್ಟಿದೆಯಮ್ಮ’ ಎಂಬ ಉತ್ತರ. ನಿಜದಲ್ಲಿ ಅದು ಕೆಟ್ಟಿರಲಿಲ್ಲ, ಹಳೆಯ ಮಾರ್ಗಫಲಕ, ಪೊರಕೆ, ಒಡೆದ ಕುರ್ಚಿಗಳ ಉಗ್ರಾಣವಾಗಿತ್ತು. ಪುರುಷ ಸಿಬ್ಬಂದಿಗೆ ಗೋಡೆಯ ಆಚೆ ಬಯಲಿದ್ದುದರಿಂದ ಅದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಒಬ್ಬರೇ ಹೋಗಿ ಕೇಳಿದ್ದು ಎರಡು ಸಲ ವ್ಯರ್ಥವಾಯಿತು. ಇಲ್ಲಿ ಸುವರ್ಣಾ ತೆಗೆದುಕೊಂಡ ನಿರ್ಧಾರವನ್ನು ನಾನು ಸೂಚಿಸಿದ್ದಲ್ಲ. ಆ ನಿಲ್ದಾಣದ ಮೂಲಕ ಹಾದುಹೋಗುವ ಇತರ ನಾಲ್ವರು ನಿರ್ವಾಹಕಿಯರನ್ನು ಕೇಳಿದರು. ಐವರೂ ಇದೇ ಕಾರಣಕ್ಕೆ ನೀರು ಬಿಟ್ಟವರು, ಒಬ್ಬರೂ ಇನ್ನೊಬ್ಬರಿಗೆ ಹೇಳಿಕೊಂಡಿರಲಿಲ್ಲ. ಒಂದೇ ಹಾಳೆಯಲ್ಲಿ ಐದು ಸಹಿ ಹಾಕಿ ಘಟಕ ವ್ಯವಸ್ಥಾಪಕರಿಗೆ ಮನವಿ ಕೊಟ್ಟರು. ‘ಶೌಚಾಲಯ ಬೇಕು’ ಎಂದು ಬರೆದಿರಲಿಲ್ಲ. ‘ಇರುವ ಶೌಚಾಲಯದ ಕೀಲಿಕೈ ಬೇಕು’ ಎಂದು ಬರೆದಿದ್ದರು. ಹಣ ಕೇಳದ ಮನವಿಗೆ ಉತ್ತರ ಬೇಗ ಬರುತ್ತದೆ ಎಂಬುದು ಸರ್ಕಾರಿ ನೌಕರಿಯಲ್ಲಿ ಪಳಗಿದವರ ಜಾಣ್ಮೆ. ಮೂರು ವಾರ ಹಿಡಿಯಿತು. ಆಗಸ್ಟ್ ಮೊದಲ ವಾರ ಕೋಣೆ ಖಾಲಿಯಾಯಿತು, ಐವರೂ ಸೇರಿ ಚಿಲಕ, ಡ್ರಮ್ಮು, ಮಗ್ಗು ತಂದರು, ಐದು ಕೀಲಿಕೈ ಮಾಡಿಸಿದರು.

ಜಾಗ ಗೊತ್ತಾದ ಮೇಲೆ ನೀರಿನ ವೇಳಾಪಟ್ಟಿಯನ್ನು ಹಿಂದುಮುಂದಾಗಿ ಬರೆದೆವು. ಮೊದಲು ಶೌಚಾಲಯದ ಹೊತ್ತು, ಅದರಿಂದ ಹಿಂದಕ್ಕೆ ಎಣಿಸಿ ಕುಡಿಯುವ ಹೊತ್ತು. ಎದ್ದೊಡನೆ ಒಂದೇ ಲೋಟ. ತಾಲ್ಲೂಕು ನಿಲ್ದಾಣ ಇನ್ನು ಮುಕ್ಕಾಲು ಗಂಟೆ ಇದೆ ಎನ್ನುವಾಗಿನಿಂದ ಗುಟುಕು ಗುಟುಕಾಗಿ ಅರ್ಧ ಬಾಟಲಿ. ಆರೋಗ್ಯ ಕೇಂದ್ರದ ಮೊದಲೂ ಹಾಗೆಯೇ. ಎರಡೂವರೆಗೆ ಪಾಳಿ ಮುಗಿದ ಮೇಲೆ ರಾತ್ರಿ ಎಂಟರೊಳಗೆ ಉಳಿದದ್ದೆಲ್ಲ. ಚಾಲಕರ ಸೀಟಿನ ಹಿಂದಿಡುತ್ತಿದ್ದ ಲೀಟರ್ ಬಾಟಲಿಯ ನೀರು ಹತ್ತು ಗಂಟೆಗೇ ಬಿಸಿಯಾಗಿ ಕುಡಿಯಲು ಬೇಸರವಾಗುತ್ತಿತ್ತು. ಅದರ ಬದಲು ಅರ್ಧ ಲೀಟರಿನ ಸ್ಟೀಲ್ ಬಾಟಲಿ, ಮೇಲೆ ಒದ್ದೆ ಬಟ್ಟೆ. ಎಷ್ಟು ಸಲ ತುಂಬಿಸಿದೆ ಎಂಬುದೇ ಲೆಕ್ಕ, ಬೇರೆ ಆ್ಯಪ್ ಬೇಡವಾಯಿತು.

ನಡಿಗೆಯನ್ನು ಮತ್ತು ಸಕ್ಕರೆಯನ್ನು ಈ ಹಂತದಲ್ಲಿ ಮುಟ್ಟಲಿಲ್ಲ. ಅವರಿಗೆ ಅಸಮಾಧಾನವಿತ್ತು, ಎಲ್ಲವನ್ನೂ ಮತ್ತೆ ಹಿಡಿಯಬೇಕೆಂಬ ಆತುರವಿತ್ತು. ನೀರು ಆರು ವಾರ ನಿಲ್ಲಲಿ, ಆಮೇಲೆ ಉಳಿದದ್ದು ಎಂದು ಹಟ ಹಿಡಿದದ್ದು ನಾನು. ಈ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಇದೊಂದು.

ಪುಡಿ, ದಿಂಡು, ಹಾಲು

ಕಲ್ಲಿನ ಸುದ್ದಿ ಹರಡಿದರೆ ಸಲಹೆಗೆ ಬರವಿಲ್ಲ. ಬಾಳೆದಿಂಡಿನ ರಸವನ್ನು ಸುವರ್ಣಾ ಇಪ್ಪತ್ತೊಂದು ದಿನ ಕುಡಿದಿದ್ದರು. ಹೆಚ್ಚಿನವರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ರಸಕ್ಕೆ ಕರಗುವ ಜಾತಿಯದಲ್ಲ. ಒಂದಿಷ್ಟು ದ್ರವ ಹೊಟ್ಟೆಗೆ ಹೋಯಿತು, ಅಷ್ಟು ಲಾಭ. ಬಿಯರ್ ಕುಡಿದರೆ ಕಲ್ಲು ಜಾರುತ್ತದೆ ಎಂದು ಹೇಳಿದ ಸಹೋದ್ಯೋಗಿಯೊಬ್ಬರಿಗೆ ಅವರು ಕೊಟ್ಟ ಉತ್ತರವೇ ನಾನು ಮೊದಲು ಹೇಳಿದ, ಹೊಡೆದು ಹಾಕಿದ ಸಾಲು.

ತೊಂದರೆ ಕೊಟ್ಟವು ಎರಡು. ಕ್ಯಾಲ್ಸಿಯಂನಿಂದಲೇ ಕಲ್ಲು ಎಂದು ಕೇಳಿ ಹಾಲು, ಮೊಸರು ಬಿಟ್ಟಿದ್ದರು. ಊಟದ ಜೊತೆಗಿನ ಕ್ಯಾಲ್ಸಿಯಂ ಸೊಪ್ಪು, ಬೀಜಗಳಂಥ ಆಹಾರದಿಂದ ಬರುವ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕಿ ಹೊರಗೆ ಕಳಿಸುತ್ತದೆ. ಅದನ್ನು ಬಿಟ್ಟರೆ ಆಕ್ಸಲೇಟ್ ಮೂತ್ರಕ್ಕೆ ಬರುವುದು ಹೆಚ್ಚುತ್ತದೆ. ಮೊಸರು ಮರಳಿ ಡಬ್ಬಿ ಸೇರಿತು. ಇನ್ನೊಂದು, ಸೆಪ್ಟೆಂಬರಿನಲ್ಲಿ ಯಾರೋ ಹೇಳಿದರೆಂದು ದಿನಕ್ಕೆರಡು ಪೊಟ್ಟಣ ಓಆರ್‌ಎಸ್ ಪುಡಿ ಬೆರೆಸಿ ಕುಡಿಯತೊಡಗಿದರು. ವಾಂತಿ ಭೇದಿಗೆ ಜೀವ ಉಳಿಸುವ ಪುಡಿ ಅದು, ಲೀಟರಿಗೆ 2.6 ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನೊಳಗಿರಿ ಎಂದು. ಎರಡು ಲೀಟರಿನಲ್ಲೇ ಅದು ಮುಗಿಯಿತು, ಉಪ್ಪಿನಕಾಯಿ ಮತ್ತು ಮಿರ್ಚಿ ಅದರ ಮೇಲೆ. ಉಪ್ಪು ಹೆಚ್ಚಾದರೆ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಸೋರುತ್ತದೆ, ಕಲ್ಲಿಗೆ ಅದೇ ಕಚ್ಚಾಮಾಲು. ಪುಡಿ ನಿಲ್ಲಿಸಿ, ಉಪ್ಪು ಸಕ್ಕರೆ ಹಾಕದ ನಿಂಬೆಹಣ್ಣಿನ ನೀರಿಗೆ ಒಪ್ಪಿಸಿದೆ. ಮೊದಲ ವಾರ ಮುಖ ಕಿವುಚಿಕೊಂಡೇ ಕುಡಿದರಂತೆ.

ಅತ್ತೆಯವರ ಪಾದ

ಅಕ್ಟೋಬರಿನಲ್ಲಿ ನಡೆದದ್ದನ್ನು ಬಿಟ್ಟು ಈ ಪ್ರಕರಣ ಬರೆಯುವುದು ಅಪ್ರಾಮಾಣಿಕವಾಗುತ್ತದೆ. ಮನೆಯಲ್ಲಿ ನೀರಿನ ಹುರುಪು ಎಲ್ಲರಿಗೂ ಹತ್ತಿತ್ತು. ಮೊಮ್ಮಗ ಅಜ್ಜಿಗೂ ಗಂಟೆಗೊಮ್ಮೆ ಲೋಟ ತಂದುಕೊಡುತ್ತಿದ್ದ. ಅಜ್ಜಿಗೆ ಹೃದಯ ವೈಫಲ್ಯಕ್ಕೆ ಔಷಧ ನಡೆದಿತ್ತು, ದಿನಕ್ಕೆ ಒಂದೂಕಾಲು ಲೀಟರ್ ದಾಟಬಾರದೆಂದು ವೈದ್ಯರು ಹಿಂದೆಯೇ ಹೇಳಿದ್ದರು, ಅದು ಯಾರಿಗೂ ನೆನಪಿರಲಿಲ್ಲ. ಹನ್ನೊಂದು ದಿನದಲ್ಲಿ ತೂಕ ಎರಡೂವರೆ ಕಿಲೋ ಏರಿತು, ಪಾದ ಊದಿಕೊಂಡವು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಸರಿಹೋದರು.

ನಾನು ಸುವರ್ಣಾ ಅವರಿಗೆ ‘ಮನೆಯಲ್ಲಿ ಮತ್ತಾರಿಗೆ ಏನು ಕಾಯಿಲೆ ಇದೆ’ ಎಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಪಥ್ಯ ಒಬ್ಬರಿಗೆ ಹೇಳಿದರೆ ಒಬ್ಬರಲ್ಲಿ ನಿಲ್ಲುವುದಿಲ್ಲ, ಅನ್ನದ ಪಾತ್ರೆಯಂತೆ ಎಲ್ಲರ ಮುಂದೆ ಹೋಗುತ್ತದೆ. ಈಗ ನನ್ನ ಹಾಳೆಯ ಮೊದಲ ಸಾಲೇ ಇದು: ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯ ಇರುವವರು ಇದನ್ನು ಪಾಲಿಸಬೇಡಿ, ನಿಮ್ಮ ವೈದ್ಯರು ಹೇಳಿದ ಅಳತೆಯೇ ನಿಮ್ಮ ಅಳತೆ.

ಅಳತೆಗಳು

ದಿನದ ಮೂತ್ರವನ್ನು ಪೂರ್ತಿ ಸಂಗ್ರಹಿಸಿ ಅಳೆಯುವುದು ಪಾಳಿಯ ದಿನ ಆಗದ ಮಾತು. ರಜೆಯ ದಿನಗಳಲ್ಲಿ ಮಾತ್ರ ಐದು ಲೀಟರಿನ ಕ್ಯಾನಿನಲ್ಲಿ ಅಳೆದೆವು. ಜೂನ್‌ನಲ್ಲಿ 1,100 ಮಿಲಿಲೀಟರ್, ಡಿಸೆಂಬರಿನಲ್ಲಿ 2,050. ಪಾಳಿಯ ದಿನಕ್ಕೆ ಬಣ್ಣ ಮತ್ತು ಎಣಿಕೆಯೇ ಗತಿ: ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಸಲವೋ ಎರಡು ಸಲವೋ ಇದ್ದದ್ದು ನಾಲ್ಕಕ್ಕೆ ಬಂತು, ಕಡುಹಳದಿ ಹೋಗಿ ಒಣಹುಲ್ಲಿನ ಬಣ್ಣ. ಡಿಸೆಂಬರಿನ ಸ್ಕ್ಯಾನಿಂಗ್‌ನಲ್ಲಿ ಎಡಬದಿಯ 4 ಮಿಲಿಮೀಟರ್ ಕಲ್ಲು ಅಲ್ಲೇ ಇತ್ತು, ಬೆಳೆದಿರಲಿಲ್ಲ, ಹೊಸದು ಇರಲಿಲ್ಲ. ಆಗಸ್ಟ್‌ನಿಂದೀಚೆಗೆ ಉರಿಮೂತ್ರ ಒಂದು ಸಲ. ಎಂಟು ತಿಂಗಳು ಕಲ್ಲಿನ ವಿಷಯದಲ್ಲಿ ಚಿಕ್ಕ ಅವಧಿ. ಇದರಿಂದ ಗೆದ್ದೆವು ಎಂದು ಹೇಳಲು ನಾನು ಸಿದ್ಧಳಿಲ್ಲ. ಮಧ್ಯಾಹ್ನದ ತಲೆನೋವು ನಿಂತಿತು ಎಂದು ಅವರು ಹೇಳುತ್ತಾರೆ, ಅದನ್ನು ಅಳೆಯುವ ಕ್ಯಾನ್ ನನ್ನ ಬಳಿ ಇಲ್ಲ.

ನಡಿಗೆ ಅರ್ಧ ಮರಳಿತು. ವಾರಕ್ಕೆ ಮೂರು ದಿನ, ಪಾಳಿ ಮುಗಿದ ಮೇಲೆ ಘಟಕದಿಂದ ಮನೆಗೆ ಎರಡು ಕಿಲೋಮೀಟರ್. ಚಹಾ ಆರಿದ್ದದ್ದು ಮೂರಾಯಿತು, ಸಕ್ಕರೆ ಇದೆ. ತೂಕ ನಾಲ್ಕು ಕಿಲೋ ಇಳಿದಿದೆ. ಈ ಏಪ್ರಿಲ್‌ನಲ್ಲಿ ಬೋರ್‌ವೆಲ್ ಕೈಕೊಟ್ಟು ತಾಲ್ಲೂಕು ನಿಲ್ದಾಣದಲ್ಲಿ ಹನ್ನೆರಡು ದಿನ ನೀರಿರಲಿಲ್ಲ. ಆ ಹನ್ನೆರಡು ದಿನ ಸುವರ್ಣಾ ಕುಡಿಯುವುದನ್ನೂ ನಿಲ್ಲಿಸಿದ್ದರು. ನಡಿಗೆ ನಿಲ್ಲಿಸಿರಲಿಲ್ಲ. ಹಗ್ಗ ಬೇರೆ ಬೇರೆಯಾಗಿತ್ತು.

ಈಗ ಕಲ್ಲಿನವರು ಬಂದರೆ ಎಷ್ಟು ನೀರು ಕುಡಿಯುತ್ತೀರಿ ಎಂದು ನಾನು ಮೊದಲು ಕೇಳುವುದಿಲ್ಲ. ಕೆಲಸದ ಜಾಗದಲ್ಲಿ ಶೌಚಾಲಯ ಎಲ್ಲಿದೆ, ಕೀಲಿಕೈ ಯಾರ ಬಳಿ ಇದೆ ಎಂದು ಕೇಳುತ್ತೇನೆ. ಸಂಕೋಚ ಬಿಟ್ಟು ಉತ್ತರಿಸಲು ಜನಕ್ಕೆ ಐದು ನಿಮಿಷ ಬೇಕಾಗುತ್ತದೆ. ಗದ್ದೆ ಕೆಲಸದವರು, ಗಾರ್ಮೆಂಟ್ಸ್ ಹೆಂಗಸರು, ಒಬ್ಬ ಮುಖ್ಯೋಪಾಧ್ಯಾಯಿನಿ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸಲು ಶುರುಮಾಡಿದ ಸುದ್ದಿಯನ್ನು ಆ ಮುಖ್ಯೋಪಾಧ್ಯಾಯಿನಿಗೆ ಉತ್ಸಾಹದಿಂದ ಹೇಳಿದೆ. ಅವರು ಕೇಳಿದ್ದು ಇಷ್ಟೇ: ‘ಗಂಟೆ ಬಾರಿಸಬಹುದು. 140 ಹುಡುಗಿಯರಿಗೆ ಎರಡು ಶೌಚಾಲಯ, ಆ ಗಂಟೆಯ ನಂತರದ ಸಾಲು ಎಷ್ಟುದ್ದ ಇರುತ್ತದೆ?’

ಜೂನ್‌ನಲ್ಲಿ ಸುವರ್ಣಾ ಅವರಿಗೆ ಮಾರ್ಗ ಬದಲಾಯಿತು. ಹೊಸ ಮಾರ್ಗದಲ್ಲಿ ತಾಲ್ಲೂಕು ನಿಲ್ದಾಣ ಬರುವುದಿಲ್ಲ, ಎರಡು ಗಂಟೆ ನಲವತ್ತು ನಿಮಿಷ ಎಲ್ಲೂ ಶೌಚಕ್ಕೆ ಜಾಗವಿಲ್ಲ. ಹಳೆಯ ಕೀಲಿಕೈಯನ್ನು ತಮ್ಮ ಜಾಗಕ್ಕೆ ಬಂದ ಹುಡುಗಿಗೆ ಒಪ್ಪಿಸಿ, ಭೇಟಿಯ ದಿನವಲ್ಲದ ದಿನ ನನ್ನ ಬಳಿ ಬಂದರು. ನಾನು ಹೊಸ ಹಾಳೆ ತೆಗೆಯುವಷ್ಟರಲ್ಲಿ ಚೀಲದಿಂದ ಒಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಹದಿನೇಳು ನಿಲುಗಡೆ, ಹದಿನಾರರ ಮುಂದೆ ‘ಇಲ್ಲ’. ಹನ್ನೊಂದನೆಯದರ ಮುಂದೆ ಪೆನ್ಸಿಲಿನಲ್ಲಿ ‘ಅಂಗನವಾಡಿ, ಕೇಳಬೇಕು’ ಎಂದಿತ್ತು.